ಮೂರು ರೀಡಿಂಗೂ ಒಂದೇ ಬರದಿದ್ದರೆ ಏನು ಮಾಡಲಿ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ ಮೇಡಂ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನು ಇಪ್ಪತ್ತು ದಿನ ಇದೆ. ಲ್ಯಾಬಿನಲ್ಲಿ ನಮ್ಮದು ಐದು ಜನರ ಗುಂಪು. ಬ್ಯೂರೆಟ್ (ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ) ಹಿಡಿಯುವುದು ಯಾವಾಗಲೂ ಒಬ್ಬನೇ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತೇವೆ. ಹೋದ ವಾರ ಮೊದಲ ಸಲ ನಾನೇ ಆಕ್ಸಾಲಿಕ್ ಆ್ಯಸಿಡ್ ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತು ಅಂತ ಅಳೆಯುವ ಪ್ರಯೋಗ) ಮಾಡಿದೆ. 9.4, 10.1, 9.7 ಮಿ.ಲೀ. ಬಂತು. ಗಾಬರಿಯಾಗಿ ಮೂರಕ್ಕೂ 9.7 ಅಂತ ಬರೆದುಬಿಟ್ಟೆ. ಇನ್ನೊಂದು ಪ್ರಯೋಗದಲ್ಲಿ ಗುರುತಿಸಲು ಕೊಡುವ ಸಾಲ್ಟಿನ ಬಣ್ಣ ನೋಡಿದರೆ ಸಾಕು, ಯಾವುದು ಅಂತ ಗೊತ್ತಾಗುತ್ತೆ ಎನ್ನುತ್ತಾರೆ ಸೀನಿಯರ್ಸ್. ಸಾಲ್ಟ್ ತಪ್ಪಾದರೆ ಆ ಭಾಗದ ಅಂಕ ಪೂರ್ತಿ ಹೋಯಿತು ಅಂತಲೂ ಹೇಳುತ್ತಾರೆ. ಸಲ್ಫ್ಯೂರಿಕ್ ಆ್ಯಸಿಡ್ ಬಾಟಲಿ ಮುಟ್ಟಲು ಭಯ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇಂಗ್ಲಿಷ್ ಬಾರದೆ ಸುಮ್ಮನೆ ನಿಂತುಬಿಡುತ್ತೇನೆ. ಇಷ್ಟು ದಿನದಲ್ಲಿ ಏನು ಮಾಡಲಿ? ಪರೀಕ್ಷೆಯ ಮಧ್ಯೆ ಕೊಟ್ಟ ಸಾಲ್ಟ್ ಖಾಲಿಯಾದರೆ ಮತ್ತೆ ಕೇಳಬಹುದಾ?

ಉತ್ತರ: ನಿನ್ನ ಪತ್ರವನ್ನು ಎರಡು ಸಲ ಓದಿದೆ. ಪಿಯು ಮಕ್ಕಳಿಗೆ ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವಳು ನಾನು. ಬೇರೆ ಬೇರೆ ಕಾಲೇಜುಗಳಿಗೆ ಪ್ರಾಕ್ಟಿಕಲ್ ಪರೀಕ್ಷಕಿಯಾಗಿಯೂ ಹೋಗಿದ್ದೇನೆ. ಆ ಸಲಿಗೆಯಲ್ಲಿ ನೀನು ಅಂತಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನೀನು ಐದಾರು ಭಯ ಬರೆದಿದ್ದೀಯ. ನನಗೆ ಕಾಣುವ ಹಾಗೆ ಅವುಗಳ ಬೇರು ಒಂದೇ. ಎರಡು ವರ್ಷ ನಿನ್ನ ಕಣ್ಣು ಲ್ಯಾಬ್ ನೋಡಿದೆ, ಕೈ ಮಾತ್ರ ಕಲಿತಿಲ್ಲ. ಕೈ ಕಲಿಯದಿದ್ದಾಗ ಮನಸ್ಸು ಉತ್ತರವನ್ನು ಮೊದಲೇ ತಿಳಿದುಕೊಳ್ಳಬೇಕು ಅಂತ ಒದ್ದಾಡುತ್ತದೆ. 'ಎಷ್ಟು ಬರಬೇಕು', 'ಯಾವ ಸಾಲ್ಟ್ ಬರಬಹುದು' ಅನ್ನುವ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹುಟ್ಟುವುದು. ಇದು ನಿನ್ನೊಬ್ಬಳ ತಪ್ಪಲ್ಲ. ಬ್ಯೂರೆಟ್ ಕಡಿಮೆ, ಮಕ್ಕಳು ಜಾಸ್ತಿ. ಎರಡು ಗಂಟೆಯ ಲ್ಯಾಬಿನಲ್ಲಿ ಒಬ್ಬ ಹುಡುಗ ಚುರುಕಾಗಿದ್ದರೆ ಕೆಲಸ ಅವನ ಕೈಗೆ ಹೋಗುತ್ತದೆ. ಅದರಲ್ಲೂ ಹೆಣ್ಣುಮಕ್ಕಳು ಪೆನ್ನು ಹಿಡಿದು ಪಕ್ಕಕ್ಕೆ ನಿಲ್ಲುವುದನ್ನು ನಾನು ವರ್ಷವರ್ಷವೂ ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟವಾಗಿದೆ. ಇಪ್ಪತ್ತು ದಿನದಲ್ಲಿ ಇದನ್ನು ಸರಿಪಡಿಸಬಹುದು. ಧೈರ್ಯ ತುಂಬಲಿಕ್ಕೆ ಹೇಳುವ ಮಾತಲ್ಲ ಇದು, ಆಗುವುದನ್ನು ಕಂಡಿದ್ದೇನೆ.

ಮೊದಲು ಆ 9.7ರ ವಿಷಯ. ನಿನ್ನನ್ನು ಬೈಯುವುದಿಲ್ಲ. ಆದರೆ ನೀನು ಅಳಿಸಿದ ಮೂರು ಅಂಕಿಗಳಲ್ಲಿ ನಿನಗೆ ಬೇಕಾದ ಪಾಠವೆಲ್ಲ ಇತ್ತು. ಬಾ, ಅವನ್ನು ಮತ್ತೆ ಬರೆದು ನೋಡೋಣ.

ಬ್ಯೂರೆಟ್ಟಿನಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ಇಪ್ಪತ್ತು ಹನಿಗೆ ಒಂದು ಮಿ.ಲೀ. ನಿನ್ನ 9.4ಕ್ಕೂ 10.1ಕ್ಕೂ ನಡುವೆ ಇರುವುದು 0.7 ಮಿ.ಲೀ., ಅಂದರೆ ಹದಿನಾಲ್ಕು ಹನಿ. ಕೈ ನಡುಗಿದರೆ ಒಂದು ಹನಿ ಹೆಚ್ಚು ಬೀಳಬಹುದು, ಎರಡು ಬೀಳಬಹುದು. ಹದಿನಾಲ್ಕು ಬೀಳುವುದಿಲ್ಲ. ಹಾಗಾದರೆ ಮಾಡುವ ಕ್ರಮದಲ್ಲೇ ಏನೋ ಒಂದು ಸಲದಿಂದ ಇನ್ನೊಂದು ಸಲಕ್ಕೆ ಬದಲಾಗಿದೆ. ಅದನ್ನು ಹುಡುಕಬೇಕು.

9.4 ಯಾಕೆ ಕಡಿಮೆ ಬಂದಿರಬಹುದು? ಬ್ಯೂರೆಟ್ ತುಂಬಿಸಿದ ಮೇಲೆ ಫನೆಲ್ ತೆಗೆಯಲು ಮರೆತರೆ ಅದರಲ್ಲಿ ನಿಂತ ದ್ರಾವಣ ಟೈಟ್ರೇಷನ್ ನಡುವೆ ಒಳಗೆ ತೊಟ್ಟಿಕ್ಕುತ್ತದೆ. ಆಗ ಇಳಿದದ್ದಕ್ಕಿಂತ ಕಡಿಮೆ ಇಳಿದಂತೆ ಕಾಣುತ್ತದೆ. ಫ್ಲಾಸ್ಕಿಗೆ ಆ್ಯಸಿಡ್ ಅಳೆದು ಹಾಕುವ ಪಿಪೆಟ್ಟನ್ನು ನೀರಿನಲ್ಲಿ ತೊಳೆದು, ಆಮೇಲೆ ಆಕ್ಸಾಲಿಕ್ ಆ್ಯಸಿಡ್‌ನಿಂದ ಒಮ್ಮೆ ಜಾಲಿಸದೆ ಹಾಗೇ ಬಳಸಿದರೂ ಕಡಿಮೆಯೇ ಬರುತ್ತದೆ, ಯಾಕೆಂದರೆ ಒಳಗಿದ್ದ ನೀರು ಆ್ಯಸಿಡ್ಡನ್ನು ತೆಳುವಾಗಿಸಿದೆ. ಆದರೆ ನನಗೆ ಹೆಚ್ಚು ಅನುಮಾನ ಬಿಸಿಯ ಮೇಲೆ. ಆಕ್ಸಾಲಿಕ್ ಆ್ಯಸಿಡ್ ಮತ್ತು ಬ್ಯೂರೆಟ್ಟಿನಲ್ಲಿರುವ ಪರ್ಮ್ಯಾಂಗನೇಟ್ ತಣ್ಣಗಿದ್ದಾಗ ಬಹಳ ನಿಧಾನವಾಗಿ ವರ್ತಿಸುತ್ತವೆ. ಅದಕ್ಕೇ 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡುವುದು. ಬಿಸಿ ಸಾಲದಿದ್ದರೆ ಹನಿ ಬಿದ್ದ ತಕ್ಷಣ ಗುಲಾಬಿ ಬಣ್ಣ ಹೋಗದೆ ನಿಂತುಬಿಡುತ್ತದೆ. ಹೊಸಬರು ಅದನ್ನೇ ಎಂಡ್ ಪಾಯಿಂಟ್ (ಕ್ರಿಯೆ ಮುಗಿದ ಹಂತ) ಅಂದುಕೊಂಡು ನಲ್ಲಿ ಮುಚ್ಚುತ್ತಾರೆ. ಸರಿಯಾಗಿ ಬಿಸಿಯಾಗಿದ್ದರೂ ಮೊದಲ ಒಂದೆರಡು ಹನಿಯ ಬಣ್ಣ ಹೋಗಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಯನ್ನು ಚುರುಕು ಮಾಡುತ್ತದೆ, ಬಣ್ಣ ಸರಸರ ಮಾಯವಾಗುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ವೈವಾದ ಆಟೋಕ್ಯಾಟಲಿಸ್ಟ್ ಪ್ರಶ್ನೆ ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಬಿಸಿ ಮಾಡುವುದು ಅಂದರೆ ಕುದಿಸುವುದಲ್ಲ. ಕುದಿಸಿದರೆ ಆಕ್ಸಾಲಿಕ್ ಆ್ಯಸಿಡ್ಡೇ ಒಡೆಯತೊಡಗುತ್ತದೆ. ಆವಿ ಆಡಲು ಶುರುವಾದಾಗ ಉರಿಯಿಂದ ಇಳಿಸು. ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಫ್ಲಾಸ್ಕಿನ ಕುತ್ತಿಗೆಯನ್ನು ಮಡಚಿದ ಕಾಗದದ ಪಟ್ಟಿಯಿಂದ ಹಿಡಿದುಕೋ.

ಇನ್ನು 10.1 ಯಾಕೆ ಜಾಸ್ತಿ? ಬ್ಯೂರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದು ಅದು ಮಧ್ಯದಲ್ಲಿ ಹೊರಗೆ ಹೋದರೆ, ಆ ಜಾಗ ತುಂಬಿದ ದ್ರಾವಣವೂ ಲೆಕ್ಕಕ್ಕೆ ಬರುತ್ತದೆ. ಫ್ಲಾಸ್ಕಿಗೆ ಬೀಳದಿದ್ದರೂ ರೀಡಿಂಗ್ ಹೆಚ್ಚುತ್ತದೆ. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿ ಬೀಳಿಸಿದರೂ ಹೆಚ್ಚಾಗುತ್ತದೆ. ಆ ಹನಿ ಅಲ್ಲೇ ಉಳಿಯುತ್ತದೆ ಅಂತ ಲೆಕ್ಕ ಹಾಕಿಯೇ ಪಿಪೆಟ್ಟಿಗೆ ಗೆರೆ ಎಳೆದಿರುತ್ತಾರೆ. ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ತೆಗೆ, ಸಾಕು. ಮತ್ತೊಂದು ಕಾರಣ ಬಹಳ ಮಕ್ಕಳು ಮಾಡುವಂಥದ್ದು. ಕೋನಿಕಲ್ ಫ್ಲಾಸ್ಕನ್ನೂ ಆಕ್ಸಾಲಿಕ್ ಆ್ಯಸಿಡ್‌ನಲ್ಲಿ ಜಾಲಿಸುತ್ತಾರೆ. ಗೋಡೆಗೆ ಅಂಟಿದ ಆ್ಯಸಿಡ್ 10 ಮಿ.ಲೀ. ಜೊತೆ ಸೇರಿಕೊಳ್ಳುತ್ತದೆ. ಬ್ಯೂರೆಟ್ಟನ್ನು ಪರ್ಮ್ಯಾಂಗನೇಟಿನಿಂದ ಜಾಲಿಸು, ಪಿಪೆಟ್ಟನ್ನು ಆಕ್ಸಾಲಿಕ್ ಆ್ಯಸಿಡ್‌ನಿಂದ ಜಾಲಿಸು. ಫ್ಲಾಸ್ಕಿಗೆ ಮಾತ್ರ ಬರೀ ಡಿಸ್ಟಿಲ್ಡ್ ನೀರು. ಅದರಲ್ಲಿ ನೀರು ಉಳಿದಿದ್ದರೂ ಚಿಂತೆಯಿಲ್ಲ, ಆ್ಯಸಿಡ್ ಎಷ್ಟು ಹಾಕಿದೆವೋ ಅಷ್ಟೇ ಇರುತ್ತದಲ್ವಾ.

ಪರ್ಮ್ಯಾಂಗನೇಟ್ ಕಡು ನೇರಳೆ ಆಗಿರುವುದರಿಂದ ಕೆಳಗಿನ ಬಾಗು ಕಾಣುವುದಿಲ್ಲ. ಮೇಲಿನ ಅಂಚನ್ನೇ ಓದಬೇಕು. ಮೊದಲೂ ಮೇಲಿನದೇ, ಕೊನೆಗೂ ಮೇಲಿನದೇ. ಕಣ್ಣು ಅದೇ ಎತ್ತರಕ್ಕೆ ಬರಬೇಕು. ಕುಳ್ಳಗಿರುವ ಮಕ್ಕಳು ಕೆಳಗಿನಿಂದ ಓದಿ ತಪ್ಪು ಮಾಡುತ್ತಾರೆ. ಬ್ಯೂರೆಟ್ ಸ್ಟ್ಯಾಂಡನ್ನು ಸ್ಟೂಲಿನ ಮೇಲೆ ಇಳಿಸಿಕೊಂಡು ಓದಿದರೆ ಯಾರೂ ಬೇಡ ಅನ್ನುವುದಿಲ್ಲ.

ಫ್ಲಾಸ್ಕಿನಲ್ಲಿ ಕಂದು ಬಣ್ಣದ ಕದಡು ಬಂದರೆ ಅಲ್ಲಿಗೇ ನಿಲ್ಲಿಸು. ಸಲ್ಫ್ಯೂರಿಕ್ ಆ್ಯಸಿಡ್ ಕಡಿಮೆ ಹಾಕಿದ್ದೀಯ, ಅಥವಾ ಪರ್ಮ್ಯಾಂಗನೇಟನ್ನು ಒಮ್ಮೆಲೇ ಸುರಿದಿದ್ದೀಯ. ಆ ಕಂದು ಮ್ಯಾಂಗನೀಸ್ ಡೈಆಕ್ಸೈಡ್. ಆ ಫ್ಲಾಸ್ಕಿನಿಂದ ಸರಿಯಾದ ರೀಡಿಂಗ್ ಬರುವುದಿಲ್ಲ. ಚೆಲ್ಲಿ ಹೊಸದಾಗಿ ಶುರು ಮಾಡು.

ಪರೀಕ್ಷೆಯಲ್ಲಿ ಆಕ್ಸಾಲಿಕ್ ಆ್ಯಸಿಡ್ ಬದಲು ಎಫ್‌ಎಎಸ್, ಅಂದರೆ ಫೆರಸ್ ಅಮೋನಿಯಂ ಸಲ್ಫೇಟ್ (ಮೋರ್ ಸಾಲ್ಟ್) ಬಂದರೆ ಬಿಸಿ ಮಾಡಬೇಡ. ಬಿಸಿ ಮಾಡಿದರೆ ಅದರಲ್ಲಿನ ಫೆರಸ್ ಕಬ್ಬಿಣ ಗಾಳಿಯ ಆಕ್ಸಿಜನ್‌ನಿಂದಲೇ ಫೆರಿಕ್ ಆಗುತ್ತದೆ, ರೀಡಿಂಗ್ ಇಳಿಯುತ್ತದೆ. ಎರಡಕ್ಕೂ ಒಂದೇ ವಿಧಾನ ಅಂತ ಪಾಠ ಮಾಡಿಕೊಂಡು ಬಂದ ಮಕ್ಕಳು ಇಲ್ಲಿ ಎಡವುತ್ತಾರೆ.

ಈಗ ನಿನ್ನ ಮುಖ್ಯ ಪ್ರಶ್ನೆ. ಮೂರು ರೀಡಿಂಗೂ ಒಂದೇ ಬರಬೇಕು ಅನ್ನುವುದು ತಪ್ಪು ತಿಳಿವಳಿಕೆ. 0.1 ಮಿ.ಲೀ. ಒಳಗೆ ಹೊಂದುವ ಎರಡು ರೀಡಿಂಗ್ ಸಾಮಾನ್ಯವಾಗಿ ಸಾಕು. ಕಾನ್ಕಾರ್ಡೆಂಟ್ ಅನ್ನುವುದು ಅದನ್ನೇ. ಮೂರರಲ್ಲಿ ಬರದಿದ್ದರೆ ನಾಲ್ಕನೆಯದು ಮಾಡು. ಟೇಬಲ್ಲಿಗೆ ಇನ್ನೊಂದು ಕಾಲಂ ಎಳೆದರೆ ಅಂಕ ಹೋಗುವುದಿಲ್ಲ. ಮೊದಲನೆಯದನ್ನು ಅಂದಾಜಿಗೆ ಅಂತ ವೇಗವಾಗಿ ಮಾಡಿಕೋ. ಅದು 10ರ ಹತ್ತಿರ ಬಂದರೆ ಮುಂದಿನದರಲ್ಲಿ 9ರವರೆಗೆ ಸರಾಗವಾಗಿ ಬಿಟ್ಟು, ಅಲ್ಲಿಂದ ಒಂದೊಂದೇ ಹನಿ ಬಿಡು. ಎಡಗೈ ನಲ್ಲಿಯ ಮೇಲೆ, ಬಲಗೈ ಫ್ಲಾಸ್ಕ್ ತಿರುಗಿಸುತ್ತಾ ಇರಲಿ. ತೆಳು ಗುಲಾಬಿ ಬಂದು ಅರ್ಧ ನಿಮಿಷ ಹಾಗೇ ನಿಂತರೆ ಮುಗಿಯಿತು. ಕೆಳಗೆ ಬಿಳಿ ಹಾಳೆ ಇಟ್ಟುಕೋ, ಬಣ್ಣ ಬೇಗ ಕಾಣುತ್ತದೆ.

ಬರೆದದ್ದನ್ನು ತಿದ್ದುವುದರಿಂದ ಏನಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ. ಪರೀಕ್ಷೆಯ ದ್ರಾವಣವನ್ನು ಹೊಸದಾಗಿ ಮಾಡಿರುತ್ತಾರೆ. ನಾನು ಪರೀಕ್ಷಕಿಯಾಗಿ ಹೋದಾಗ ಬೆಳಿಗ್ಗೆ ಅದೇ ಬಾಟಲಿಯಿಂದ ಟೈಟ್ರೇಷನ್ ಮಾಡಿ ಅಂಕಿ ಇಟ್ಟುಕೊಳ್ಳುತ್ತಿದ್ದೆ. ಹೋದ ವರ್ಷದವರ ರೀಡಿಂಗ್, ಬೆಳಗಿನ ಬ್ಯಾಚಿನ ರೀಡಿಂಗ್, ಪಕ್ಕದವನ ರೀಡಿಂಗ್ ಯಾವುದೂ ನಿನ್ನ ಫ್ಲಾಸ್ಕಿಗೆ ಹೊಂದಬೇಕಾಗಿಲ್ಲ. ಒಂದು ಕಡೆ ಒಬ್ಬ ಹುಡುಗಿ 10.6, 10.2, 10.2 ಅಂತ ಬರೆದು, 10.6ರ ಪಕ್ಕದಲ್ಲಿ 'ಗುಳ್ಳೆ ಇತ್ತು' ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ಅವಳಿಗೆ ನಾನು ವೈವಾದಲ್ಲಿ ಕೇಳಿದ್ದು ಆ ಗುಳ್ಳೆಯ ಬಗ್ಗೆಯೇ. ಚೆನ್ನಾಗಿ ಹೇಳಿದಳು. ಅವಳ ಹಿಂದಿನ ಬೆಂಚಿನಲ್ಲಿ ಮೂವರು 9.8, 9.8, 9.8 ಬರೆದಿದ್ದರು.

ಲೆಕ್ಕದ ಭಾಗ ಚಿಕ್ಕದು, ಆದರೆ ಅಲ್ಲೂ ಒಂದು ಹಳ್ಳ ಇದೆ. ಎರಡು ಮೋಲ್ ಪರ್ಮ್ಯಾಂಗನೇಟಿಗೆ ಐದು ಮೋಲ್ ಆಕ್ಸಾಲಿಕ್ ಆ್ಯಸಿಡ್. 0.05 ಮೋಲಾರ್ ಆಕ್ಸಾಲಿಕ್ ಆ್ಯಸಿಡ್ 10 ಮಿ.ಲೀ. ತೆಗೆದುಕೊಂಡು ಬ್ಯೂರೆಟ್ 9.8 ತೋರಿಸಿದರೆ, 2 × 0.05 × 10 ಅನ್ನು 5 × 9.8ರಿಂದ ಭಾಗಿಸು. 0.0204 ಮೋಲಾರ್ ಬರುತ್ತದೆ. ಅದನ್ನು ಪರ್ಮ್ಯಾಂಗನೇಟಿನ ಒಂದು ಮೋಲಿನ ತೂಕ 158ರಿಂದ ಗುಣಿಸಿದರೆ ಲೀಟರಿಗೆ 3.22 ಗ್ರಾಂ. ಗಾಬರಿಯಲ್ಲಿ 2 ಮತ್ತು 5 ಅದಲುಬದಲಾದರೆ 0.1276 ಬರುತ್ತದೆ. ಹಾಗಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ. ಎರಡೂ ದ್ರಾವಣ ಹೆಚ್ಚುಕಡಿಮೆ ಸಮ ಅಳತೆಯಲ್ಲಿ ಖರ್ಚಾಗಿದ್ದರೆ, ಪರ್ಮ್ಯಾಂಗನೇಟಿನ ಮೋಲಾರಿಟಿ ಆಕ್ಸಾಲಿಕ್ ಆ್ಯಸಿಡ್‌ಗಿಂತ ಕಡಿಮೆಯೇ ಬರಬೇಕು. ಜಾಸ್ತಿ ಬಂದಿದ್ದರೆ ತಿರುಗಿ ನೋಡು. ಎಫ್‌ಎಎಸ್‌ಗೆ ಒಂದಕ್ಕೆ ಐದು, ಇದನ್ನು ಬೇರೆಯಾಗಿ ನೆನಪಿಡು.

ಸಾಲ್ಟಿನ ಬಣ್ಣದ ಮಾತಿಗೆ ಬರುತ್ತೇನೆ. ನಿನ್ನ ಸೀನಿಯರ್ಸ್ ಹೇಳಿದ್ದರಲ್ಲಿ ಕಾಲುಭಾಗ ನಿಜ. ತಾಮ್ರದ ಸಾಲ್ಟ್ ನೀಲಿ ಇಲ್ಲವೇ ಹಸಿರು, ನಿಕ್ಕಲ್ ಹಸಿರು, ಕೋಬಾಲ್ಟ್ ಗುಲಾಬಿ ಅಥವಾ ನೇರಳೆ, ಮ್ಯಾಂಗನೀಸ್ ಬಹಳ ತೆಳು ಗುಲಾಬಿ, ಫೆರಿಕ್ ಕಬ್ಬಿಣ ಹಳದಿ ಮಿಶ್ರಿತ ಕಂದು. ಇಷ್ಟೇ. ಸೀಸ, ಅಲ್ಯೂಮಿನಿಯಂ, ಸತು, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ, ಮೆಗ್ನೀಸಿಯಂ, ಅಮೋನಿಯಂ ಎಲ್ಲವೂ ಸಾಧಾರಣವಾಗಿ ಬಿಳಿ. ಬಿಳಿ ಪುಡಿ ಕೈಗೆ ಬಂದರೆ ಬಣ್ಣ ನಿನಗೆ ಹೆಚ್ಚೇನೂ ಹೇಳುವುದಿಲ್ಲ. ಬಣ್ಣ ಇದ್ದರೂ ಅದು ಒಂದು ಸುಳಿವು ಮಾತ್ರ. ಅದು ಹೇಳುವುದು ಪಾಸಿಟಿವ್ ಭಾಗದ ಬಗ್ಗೆ. ಜೊತೆಯಲ್ಲಿರುವುದು ಸಲ್ಫೇಟೋ ಕ್ಲೋರೈಡೋ ಅಂತ ಹೇಗೆ ಹೇಳುತ್ತೀಯ?

ಪೂರ್ತಿ ಅಂಕ ಹೋಯಿತು ಅನ್ನುವ ಮಾತೂ ಸರಿಯಲ್ಲ. ನಮ್ಮ ಪಿಯು ಪದ್ಧತಿಯಲ್ಲಿ ಕೆಮಿಸ್ಟ್ರಿಯ 100ರಲ್ಲಿ 70 ಥಿಯರಿಗೆ, 30 ಪ್ರಾಕ್ಟಿಕಲ್‌ಗೆ. ಸಿಬಿಎಸ್‌ಇ ಹನ್ನೆರಡನೇ ತರಗತಿಯಲ್ಲೂ 30ರ ಪ್ರಾಕ್ಟಿಕಲ್ಲೇ. ಅಲ್ಲಿ ಟೈಟ್ರೇಷನ್‌ಗೆ 8, ಸಾಲ್ಟ್‌ಗೆ 8, ಇನ್ನೊಂದು ಪ್ರಯೋಗಕ್ಕೆ 6, ಪ್ರಾಜೆಕ್ಟಿಗೆ 4, ರೆಕಾರ್ಡ್ ಮತ್ತು ವೈವಾಕ್ಕೆ 4 ಅಂತ ಹಂಚಿದ್ದಾರೆ. ಎಲ್ಲೇ ಆದರೂ ಸಾಲ್ಟಿನ ಅಂಕವೆಲ್ಲ ಅದರ ಹೆಸರು ಹೇಳಿದ್ದಕ್ಕೆ ಮಾತ್ರ ಇರುವುದಿಲ್ಲ, ಹಂತಹಂತವಾಗಿ ಹಂಚಿರುತ್ತದೆ. ಏನು ಮಾಡಿದೆ, ಏನು ಕಂಡಿತು, ಅದರಿಂದ ಏನು ತಿಳಿಯಿತು, ಖಚಿತಪಡಿಸುವ ಟೆಸ್ಟ್ ಯಾವುದು. ಕೊನೆಯ ಹೆಸರು ತಪ್ಪಿದರೆ ಒಂದಷ್ಟು ಹೋಗುತ್ತದೆ, ನಿಜ. ಆದರೆ ಕಂಡದ್ದನ್ನು ಕಂಡ ಹಾಗೆ ಬರೆದ ಮಗುವಿನ ಉತ್ತರದಲ್ಲಿ ಅಂಕ ಕೊಡಲು ಜಾಗ ಸಿಗುತ್ತದೆ. ಕೊಟ್ಟದ್ದು ಸ್ಟ್ರಾನ್ಷಿಯಂ ಆಗಿದ್ದು ಫ್ಲೇಮ್ ಟೆಸ್ಟಿನಲ್ಲಿ 'ಸೇಬಿನ ಹಸಿರು' ಅಂತ ಬರೆದಿದ್ದರೆ ಮಾತ್ರ ಕಷ್ಟ. ಸ್ಟ್ರಾನ್ಷಿಯಂ ಕಡುಗೆಂಪು ಉರಿ ಕೊಡುತ್ತದೆ, ಹಸಿರು ಬೇರಿಯಂದು. ಅದನ್ನು ನೋಡದೆ ಬರೆದದ್ದು ಅಂತ ಯಾವ ಪರೀಕ್ಷಕರಿಗೂ ಗೊತ್ತಾಗುತ್ತದೆ.

ಸರಿಯಾಗಿ ಮಾಡಿಯೂ ತಪ್ಪು ಉತ್ತರ ಬರುವುದು ಉಂಟು. ಅದಕ್ಕೆ ಕಾರಣಗಳು ನಿನ್ನ ಪುಸ್ತಕದ ಟೇಬಲ್ಲಿನಲ್ಲಿ ಇರುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಲ್ಲಿಯ ನೀರು ಮೊದಲನೆಯದು. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇದೆ, ಕ್ಯಾಲ್ಸಿಯಂ ಇದೆ. ಟೆಸ್ಟ್ ಟ್ಯೂಬನ್ನು ಆ ನೀರಿನಲ್ಲಿ ತೊಳೆದು ಹಾಗೇ ಸಿಲ್ವರ್ ನೈಟ್ರೇಟ್ ಹಾಕಿದರೆ ಯಾವ ಸಾಲ್ಟಿಗೂ ಬಿಳಿ ಮಂಜು ಬರುತ್ತದೆ. ಅರ್ಧ ಕ್ಲಾಸ್ 'ಕ್ಲೋರೈಡ್' ಅಂತ ಬರೆದ ದಿನ ನನಗೆ ನೆನಪಿದೆ. ಕೊಟ್ಟಿದ್ದು ನೈಟ್ರೇಟ್. ನಲ್ಲಿ ನೀರಿನಲ್ಲಿ ತೊಳೆದ ಮೇಲೆ ಡಿಸ್ಟಿಲ್ಡ್ ನೀರಿನಿಂದ ಒಮ್ಮೆ ಜಾಲಿಸು. ಅನುಮಾನ ಬಂದರೆ ಇನ್ನೊಂದು ಟ್ಯೂಬಿಗೆ ಬರೀ ಡಿಸ್ಟಿಲ್ಡ್ ನೀರು ಹಾಕಿ ಅದೇ ಟೆಸ್ಟ್ ಮಾಡು. ಅಲ್ಲೂ ಮಂಜು ಬಂದರೆ ತಪ್ಪು ಸಾಲ್ಟಿನದಲ್ಲ. ನಿಜವಾದ ಕ್ಲೋರೈಡ್ ಮೊಸರು ಒಡೆದ ಹಾಗೆ ಗಟ್ಟಿ ಬಿಳಿ ಗರಣೆ ಕೊಡುತ್ತದೆ. ಅಮೋನಿಯಂ ಹೈಡ್ರಾಕ್ಸೈಡ್ ಹಾಕಿದರೆ ಕರಗುತ್ತದೆ.

ಎರಡನೆಯದು ಅಮೋನಿಯಾ ಬಾಟಲಿ. ಮುಚ್ಚಳ ತೆಗೆದು ತೆಗೆದು ಅದರ ಗ್ಯಾಸ್ ಹೋಗಿರುತ್ತದೆ. 'ಎರಡು ಹನಿ' ಅಂತ ಓದಿಕೊಂಡು ಬಂದ ಮಗು ಎರಡೇ ಹನಿ ಹಾಕಿ, ಪ್ರೆಸಿಪಿಟೇಟ್ (ತಳದಲ್ಲಿ ಕೂರುವ ಗಟ್ಟಿ) ಬರಲಿಲ್ಲ ಅಂತ ಟೇಬಲ್ಲಿನ ಮುಂದಿನ ಗ್ರೂಪಿಗೆ, ಅಂದರೆ ಮುಂದಿನ ಲೋಹಗಳ ಗುಂಪಿಗೆ, ಹೋಗುತ್ತದೆ. ಟ್ಯೂಬಿನ ಬಾಯಿಯ ಹತ್ತಿರ ಕೈಯಿಂದ ಗಾಳಿ ಬೀಸಿಕೊಂಡು ನೋಡು, ಅಮೋನಿಯಾ ವಾಸನೆ ಚೆನ್ನಾಗಿ ಬರುವವರೆಗೆ ಹಾಕಬೇಕು. ಅದಕ್ಕೆ ಮೊದಲು ಅಮೋನಿಯಂ ಕ್ಲೋರೈಡ್ ಮರೆಯಬಾರದು. ಅದು ಹೈಡ್ರಾಕ್ಸೈಡ್ ಅಯಾನನ್ನು ಹದದಲ್ಲಿ ಇಡುತ್ತದೆ. ಆಗ ಮೂರನೇ ಗ್ರೂಪಿನ ಅಲ್ಯೂಮಿನಿಯಂ, ಕಬ್ಬಿಣ ಮಾತ್ರ ಕೂರುತ್ತವೆ. ಇಲ್ಲದಿದ್ದರೆ ಸತು, ಮೆಗ್ನೀಸಿಯಂ ಸಹ ಅಲ್ಲೇ ಕೂತು ನಿನ್ನನ್ನು ದಾರಿ ತಪ್ಪಿಸುತ್ತವೆ. ಹಾಲಿಗೆ ಹೆಪ್ಪು ಹಾಕುವಾಗ ಹದ ನೋಡುತ್ತೇವಲ್ಲ, ಇದೂ ಹದದ ಕೆಲಸ.

ಅಮೋನಿಯಂ ಟೆಸ್ಟನ್ನು ಯಾವಾಗಲೂ ಕೊಟ್ಟ ಸಾಲ್ಟಿನಿಂದ ನೇರವಾಗಿ, ಮೊದಲಿಗೇ ಮಾಡು. ಗ್ರೂಪುಗಳನ್ನು ದಾಟಿ ಬಂದ ದ್ರಾವಣದಲ್ಲಿ ಮಾಡಿದರೆ ಅಲ್ಲಿ ಅಮೋನಿಯಂ ಇದ್ದೇ ಇರುತ್ತದೆ. ಹಾಕಿದವಳು ನೀನೇ. ನೈಟ್ರೇಟ್ ಗುರುತಿಸುವ ಬ್ರೌನ್ ರಿಂಗ್ ಟೆಸ್ಟಿಗೆ ಫೆರಸ್ ಸಲ್ಫೇಟ್ ಆಗತಾನೇ ಕರಗಿಸಿದ್ದಾಗಿರಬೇಕು. ಹಳೆಯದು ಹಳದಿಗೆ ತಿರುಗಿದ್ದರೆ ರಿಂಗ್ ಬರುವುದಿಲ್ಲ. ರಿಂಗ್ ಬಂದ ಮೇಲೆ ಪರೀಕ್ಷಕರಿಗೆ ತೋರಿಸಲು ಹೋಗುವಾಗ ಅಲುಗಾಡಿಸಬೇಡ, ಮಾಯವಾಗುತ್ತದೆ. ಮೆಗ್ನೀಸಿಯಂಗೆ ಪ್ರೆಸಿಪಿಟೇಟ್ ತಡವಾಗಿ ಬರುತ್ತದೆ. ಗಾಜಿನ ಕಡ್ಡಿಯಿಂದ ಟ್ಯೂಬಿನ ಒಳಗೋಡೆಯನ್ನು ಕೆರೆದು ಐದು ನಿಮಿಷ ಬಿಟ್ಟು ನೋಡು. ಫ್ಲೇಮ್ ಟೆಸ್ಟಿನಲ್ಲಿ ಎಲ್ಲಕ್ಕೂ ಹಳದಿ ಬರುತ್ತಿದ್ದರೆ ಅದು ಬೆವರಿನ ಉಪ್ಪು, ಸೋಡಿಯಂ. ತಂತಿಯನ್ನು ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ ಅದ್ದಿ, ಉರಿಯಲ್ಲಿ ಹಿಡಿದು, ಬಣ್ಣ ಹೋಗುವವರೆಗೆ ಮತ್ತೆ ಮತ್ತೆ ಮಾಡು.

ಇಪ್ಪತ್ತು ದಿನದಲ್ಲಿ ಏನು ಮಾಡಬಹುದು ಅಂತ ಕೇಳಿದೆ. ಕೆಲವು ದಾರಿಗಳಿವೆ, ಪ್ರತಿಯೊಂದಕ್ಕೂ ಒಂದು ಅಪಾಯ ಇದೆ.

ಎಲ್ಲಕ್ಕಿಂತ ಒಳ್ಳೆಯದು, ನಿನ್ನ ಲೆಕ್ಚರರ್ ಹತ್ತಿರ ಹೋಗಿ 'ಸರ್, ನಾನು ಒಬ್ಬಳೇ ಒಂದು ಟೈಟ್ರೇಷನ್, ಒಂದು ಸಾಲ್ಟ್ ಮಾಡಬೇಕು, ಕಾಲೇಜು ಮುಗಿದ ಮೇಲೆ ಅವಕಾಶ ಕೊಡ್ತೀರಾ' ಅಂತ ಕೇಳುವುದು. ಪರೀಕ್ಷೆ ಹತ್ತಿರ ಬಂದಾಗ ರಿಪಿಟೇಷನ್ ಲ್ಯಾಬ್ ಇಡುವ ಕಾಲೇಜುಗಳು ಬಹಳ. ಕೇಳಲು ಸಂಕೋಚವಾದರೆ ಇನ್ನಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಅಪಾಯ ಇಷ್ಟೇ, ಯಾರೂ ಇಲ್ಲದ ಲ್ಯಾಬಿನಲ್ಲಿ ಕೆಲಸ ಮಾಡಬೇಡ. ಅಟೆಂಡರ್ ಆದರೂ ಇರಲಿ. ಈ ಇಪ್ಪತ್ತು ದಿನದಲ್ಲಿ ಮೂರು ಸಲ ನಿನ್ನ ಕೈಯಲ್ಲೇ ಪೂರ್ತಿ ಮಾಡಿದರೂ ವ್ಯತ್ಯಾಸ ನಿನಗೇ ಗೊತ್ತಾಗುತ್ತದೆ. ಉಳಿದ ಲ್ಯಾಬ್ ದಿನಗಳಲ್ಲಿ ಆ ಚುರುಕು ಹುಡುಗನಿಗೆ 'ಇವತ್ತು ನಾನು ಮಾಡ್ತೀನಿ, ನೀನು ಬರ್ಕೋ' ಅಂತ ನೇರವಾಗಿ ಹೇಳು.

ವಿಡಿಯೋ ನೋಡುವುದು ಇನ್ನೊಂದು ದಾರಿ. ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಮಾಡಿರುವ ವೆಬ್‌ಸೈಟ್ ಓಲ್ಯಾಬ್ಸ್‌ನಲ್ಲಿ ಟೈಟ್ರೇಷನ್, ಸಾಲ್ಟ್ ಅನಾಲಿಸಿಸ್ ಎರಡೂ ಇವೆ. ಕ್ರಮ ನೆನಪಿಡಲು ಒಳ್ಳೆಯದು. ಆದರೆ ನೋಡಿ ಮುಗಿಸಿದಾಗ 'ನನಗೆ ಬರುತ್ತೆ' ಅನ್ನಿಸಿಬಿಡುತ್ತದೆ. ಬಂದಿರುವುದಿಲ್ಲ. ಮೌಸಿನಲ್ಲಿ ತಿರುಗಿಸಿದ ನಲ್ಲಿಗೆ ಗುಳ್ಳೆ ಬರುವುದಿಲ್ಲ, ಜಾರುವುದಿಲ್ಲ.

ಟೇಬಲ್ ಬಾಯಿಪಾಠ ಮಾಡುವುದು ಬೇಡ ಅನ್ನುವುದಿಲ್ಲ, ಕ್ರಮ ಗೊತ್ತಿರಲೇಬೇಕು. ಆದರೆ 'ಜಿಂಕ್ ಸಲ್ಫೇಟ್', 'ಬೇರಿಯಂ ಕ್ಲೋರೈಡ್' ಅಂತ ಇಡೀ ಸಾಲ್ಟ್‌ಗಳ ಉತ್ತರವನ್ನೇ ಪಾಠ ಮಾಡಬೇಡ. ಮೊದಲೆರಡು ಟೆಸ್ಟ್ ಹೊಂದಿದ ತಕ್ಷಣ ಮನಸ್ಸು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ, ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ.

ಮನೆಯಲ್ಲೂ ಕೈ ಪಳಗಿಸಬಹುದು. ಇದು ನಾನು ನನ್ನ ಮಕ್ಕಳಿಗೆಲ್ಲ ಹೇಳುತ್ತಿದ್ದ ಉಪಾಯ. ಆರತಿ ತಟ್ಟೆಯ ಓಕುಳಿ ನೀರು ನೋಡಿದ್ದೀಯಲ್ಲ? ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಆ ಕೆಂಪಿಗೆ ಹುಳಿ ಬಿದ್ದರೆ ಮತ್ತೆ ಹಳದಿ. ಅದೇ ಇಂಡಿಕೇಟರ್. ಎಲೆಗೆ ಹಚ್ಚುವ ಸುಣ್ಣ ಚಿಟಿಕೆಯಷ್ಟು ಒಂದು ಲೋಟ ನೀರಿಗೆ ಕಲಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ತೆಗೆದುಕೋ. ಮೆಡಿಕಲ್ ಶಾಪಿನಲ್ಲಿ 10 ಮಿ.ಲೀ. ಸಿರಿಂಜ್ ಕೇಳು, ಸೂಜಿ ಬೇಡ. 10 ಮಿ.ಲೀ. ತಿಳಿ ಅಳೆದು ಗಾಜಿನ ಲೋಟಕ್ಕೆ ಹಾಕಿ, ಅರಿಶಿನ ಸ್ವಲ್ಪವೇ ಸ್ವಲ್ಪ ಸೇರಿಸು. ಸಿರಿಂಜನ್ನು ನೀರಿನಲ್ಲಿ ಚೆನ್ನಾಗಿ ತೊಳೆ. ಸೋಸಿದ ನಿಂಬೆರಸ ಒಂದು ಚಮಚಕ್ಕೆ ಒಂಬತ್ತು ಚಮಚ ನೀರು ಬೆರೆಸಿ, ಅದನ್ನು ಸಿರಿಂಜಿನಲ್ಲಿ ಎಳೆದು ಹನಿಹನಿಯಾಗಿ ಲೋಟಕ್ಕೆ ಬಿಡು. ಲೋಟ ತಿರುಗಿಸುತ್ತಲೇ ಇರು. ಕೆಂಪು ಹೋಗಿ ಹಳದಿ ನಿಲ್ಲುವ ಹನಿ ಯಾವುದು ಅಂತ ಹಿಡಿ. ಎಷ್ಟು ಮಿ.ಲೀ. ಖರ್ಚಾಯಿತು ಬರೆದುಕೋ. ಮೂರು ಸಲ ಮಾಡು. ಮೊದಲ ದಿನ ಮೂರೂ ಬೇರೆ ಬೇರೆ ಬರುತ್ತದೆ. ವಾರದಲ್ಲಿ ಎಷ್ಟು ಹತ್ತಿರ ಬರುತ್ತದೆ ನೋಡು. ತಳದ ಸುಣ್ಣವೂ ಸೇರಿಕೊಂಡಿದ್ದರೆ ಹಳದಿಯಾದ ಮೇಲೆ ಮತ್ತೆ ಕೆಂಪಾಗುತ್ತದೆ, ಯಾಕೆಂದರೆ ಅದು ಮೆಲ್ಲಗೆ ಕರಗುತ್ತಲೇ ಇರುತ್ತದೆ. 'ಬಣ್ಣ ನಿಲ್ಲಬೇಕು' ಅಂತ ಯಾಕೆ ಹೇಳುತ್ತಾರೆ ಅಂತ ಆಗ ತಿಳಿಯುತ್ತದೆ. ಸುಣ್ಣ ಕಣ್ಣಿಗೆ ಬೀಳದ ಹಾಗೆ ಎಚ್ಚರ ಇರಲಿ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರಿಗೆ ಎಟುಕದಂತೆ ಇಡು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ತಂದು ಮನೆಯಲ್ಲಿ ಪ್ರಯೋಗ ಮಾಡುವ ಯೋಚನೆ ಖಂಡಿತ ಬೇಡ.

ಸಲ್ಫ್ಯೂರಿಕ್ ಆ್ಯಸಿಡ್ ಕಂಡರೆ ಭಯ ಅಂದೆ. ಕಾನ್ಸಂಟ್ರೇಟೆಡ್ ಬಾಟಲಿಯ ವಿಷಯದಲ್ಲಿ ಆ ಭಯ ಇಟ್ಟುಕೋ, ಅದು ನಿನ್ನನ್ನು ಕಾಪಾಡುತ್ತದೆ. ಬಾಟಲಿ ಎತ್ತಿ ಸುರಿಯಬೇಡ, ಡ್ರಾಪರಿನಲ್ಲಿ ತೆಗೆದುಕೋ. ಹೆಚ್ಚಾದದ್ದನ್ನು ಮತ್ತೆ ಬಾಟಲಿಗೆ ಹಾಕಬೇಡ. ಬ್ರೌನ್ ರಿಂಗಿಗೆ ಟ್ಯೂಬನ್ನು ಓರೆ ಹಿಡಿದು ಗೋಡೆಯ ಮೇಲಿಂದ ಇಳಿಯಬಿಡು. ಬಿಸಿ ಮಾಡುವಾಗ ಟ್ಯೂಬಿನ ಬಾಯಿ ನಿನ್ನ ಕಡೆಗೂ ಇರಬಾರದು, ಪಕ್ಕದವರ ಕಡೆಗೂ ಇರಬಾರದು. ಆ್ಯಸಿಡ್ಡನ್ನು ನೀರಿಗೆ ಹಾಕುವುದು, ನೀರನ್ನು ಆ್ಯಸಿಡ್‌ಗಲ್ಲ. ಮೈಮೇಲೆ ಬಿದ್ದರೆ ತಕ್ಷಣ ನಲ್ಲಿ ಕೆಳಗೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ನೀರು ಹರಿಸು, ಕೂಗಿ ಲೆಕ್ಚರರನ್ನು ಕರೆ. ಬೈಯುತ್ತಾರೆ ಅಂತ ಮುಚ್ಚಿಟ್ಟು ಗಾಯ ಮಾಡಿಕೊಂಡ ಮಕ್ಕಳಿದ್ದಾರೆ. ಜಡೆ ಕಟ್ಟಿರು, ದುಪಟ್ಟಾ ಪಿನ್ ಮಾಡಿಕೋ, ಕಾಲು ಮುಚ್ಚುವ ಚಪ್ಪಲಿ ಹಾಕು. ಹತ್ತಿ ಬಟ್ಟೆಯಾದರೆ ಒಳ್ಳೆಯದು. ಪಿಪೆಟ್ಟನ್ನು ಬಾಯಿಂದ ಎಳೆಯುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಆಕ್ಸಾಲಿಕ್ ಆ್ಯಸಿಡ್ ವಿಷ. ರಬ್ಬರ್ ಬಲ್ಬ್ ಕೇಳಿ ತೆಗೆದುಕೋ.

ವೈವಾಕ್ಕೆ ಇಂಗ್ಲಿಷ್ ವಾಕ್ಯಗಳನ್ನು ಉರುಹೊಡೆಯಬೇಡ. ಮಧ್ಯದಲ್ಲಿ ಒಂದು ಪದ ಮರೆತರೆ ಇಡೀ ಉತ್ತರ ಕುಸಿಯುತ್ತದೆ. ಹೆಸರುಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಗಟ್ಟಿ ಮಾಡಿಕೋ. ಸೆಲ್ಫ್ ಇಂಡಿಕೇಟರ್, ಪ್ರೈಮರಿ ಸ್ಟ್ಯಾಂಡರ್ಡ್, ಎಂಡ್ ಪಾಯಿಂಟ್, ಕಾಮನ್ ಅಯಾನ್ ಎಫೆಕ್ಟ್, ಇಂಥ ಇಪ್ಪತ್ತು ಪದ ಸಾಕು. ಉಳಿದದ್ದನ್ನು 'ಸರ್, ಕನ್ನಡದಲ್ಲಿ ಹೇಳಬಹುದಾ' ಅಂತ ಮೊದಲೇ ಕೇಳಿ ಹೇಳು. ನಾನು ಯಾವತ್ತೂ ಬೇಡ ಅಂದಿಲ್ಲ, ನನ್ನ ಜೊತೆ ಕೂತ ಹೆಚ್ಚಿನವರೂ ಅಂದಿಲ್ಲ. ಟೈಟ್ರೇಷನ್‌ಗೆ ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆ್ಯಸಿಡ್ ಯಾಕೆ ಹಾಕಬಾರದು ಅಂತ ಕೇಳಿದರೆ, 'ಪರ್ಮ್ಯಾಂಗನೇಟ್ ಅದನ್ನೂ ಆಕ್ಸಿಡೈಸ್ ಮಾಡಿ ಕ್ಲೋರಿನ್ ಮಾಡುತ್ತೆ, ರೀಡಿಂಗ್ ಜಾಸ್ತಿ ಬರುತ್ತೆ' ಅಂದರೆ ಮುಗಿಯಿತು. ನೈಟ್ರಿಕ್ ಯಾಕೆ ಬೇಡ? ಅದೇ ಒಂದು ಆಕ್ಸಿಡೈಸಿಂಗ್ ಏಜೆಂಟ್. ಪರ್ಮ್ಯಾಂಗನೇಟ್ ಯಾಕೆ ಪ್ರೈಮರಿ ಸ್ಟ್ಯಾಂಡರ್ಡ್ ಅಲ್ಲ? ಪೂರ್ತಿ ಶುದ್ಧವಾಗಿ ಸಿಗುವುದಿಲ್ಲ, ಬೆಳಕಿಗೆ ಒಡೆಯುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು, ಮುಂದಿನ ಪ್ರಶ್ನೆ ಬರುತ್ತದೆ.

ರೆಕಾರ್ಡ್ ಬಗ್ಗೆ ಒಂದೇ ಮಾತು. ಬಾಕಿ ಇರುವುದನ್ನು ಈ ವಾರವೇ ಬರೆದು ಸಹಿ ಹಾಕಿಸಿಕೋ. ಕೊನೆಯ ಮೂರು ರಾತ್ರಿ ಅದರಲ್ಲಿ ಕಳೆಯಬೇಡ.

ಕೊನೆಯದು, ಸಾಲ್ಟ್ ಖಾಲಿಯಾದರೆ ಕೇಳಬಹುದಾ ಅಂದೆ. ಮೊದಲು ಖಾಲಿಯಾಗದ ಹಾಗೆ ನೋಡಿಕೋ. ಕೊಟ್ಟದ್ದರಲ್ಲಿ ಕಾಲುಭಾಗವನ್ನು ಕಾಗದದಲ್ಲಿ ಮಡಚಿ ಪಕ್ಕಕ್ಕೆ ಇಟ್ಟು, ಅದನ್ನು ಮುಟ್ಟದೆ ಕೆಲಸ ಶುರು ಮಾಡು. ಒಂದು ಟೆಸ್ಟಿಗೆ ಕಡಲೆಬೇಳೆಯಷ್ಟು ಸಾಲ್ಟ್ ಸಾಕು. ಅಷ್ಟಾಗಿಯೂ ಖಾಲಿಯಾದರೆ ಎದ್ದು ಹೋಗಿ ಕೇಳು. ಕೆಲವರು ಒಂದು ಅಂಕ ಕಡಿಮೆ ಮಾಡಬಹುದು, ಕೆಲವರು ಸುಮ್ಮನೆ ಕೊಡುತ್ತಾರೆ. ಕೇಳದೆ ಕೂತು ಉಳಿದ ಟೆಸ್ಟ್‌ಗಳನ್ನು ಊಹಿಸಿ ಬರೆದರೆ ಅದಕ್ಕಿಂತ ಬಹಳ ಹೆಚ್ಚು ಹೋಗುತ್ತದೆ. ಕೇಳುವಾಗ ಟ್ಯೂಬಿನ ನಂಬರ್ ಸರಿಯಾಗಿ ಹೇಳು. ಗಡಿಬಿಡಿಯಲ್ಲಿ ಬೇರೆಯವರ ಸಾಲ್ಟ್ ತಂದು, ಅರ್ಧ ಅದು, ಅರ್ಧ ಇದು ಮಾಡಿದ ಮಕ್ಕಳನ್ನು ನೋಡಿದ್ದೇನೆ.